ಒಂದೂವರೆ ಇಂಚು

ಸೀಟಿನ ಮೇಲೆ ಕೂತರೆ ಎರಡೂ ಕಾಲು ನೆಲಕ್ಕೆ ಹತ್ತಬೇಕು. ಉಗಾರ ಬುದ್ರುಕದಲ್ಲಿ ಸೈಕಲ್ಲನ್ನು ಅಳೆಯುವುದು ಹೀಗೆ. ಟೇಪು ಬೇಡ, ಕಂಪನಿಯವರ ಪುಸ್ತಕ ಬೇಡ. ಅಂಗಾಲು ಊರಿದರೆ ಸೈಕಲ್ಲು ನಮ್ಮದು, ಊರದಿದ್ದರೆ ಬೇರೆಯವರದು. ವೃಷಭನ ಅಪ್ಪ ಹೀಗೇ ಅಳೆದಿದ್ದ, ಅಜ್ಜನೂ ಹೀಗೇ ಅಳೆದಿದ್ದ. ಹಾಗಾಗಿ ತಮ್ಮ ಕೊಟ್ಟ ಮೌಂಟೇನ್ ಸೈಕಲ್ಲಿನ ಮೇಲೆ ವೃಷಭ ಮೊದಲ ಸಲ ಕೂತು, ಅವನ ಎರಡೂ ಹೆಬ್ಬೆರಳು ಗಾಳಿಯಲ್ಲಿ ತೂಗಾಡಿದ್ದೇ ತಡ, ಇದು ಸೈಕಲ್ಲಿನ ತಪ್ಪು ಎಂದು ತೀರ್ಮಾನಿಸಿಬಿಟ್ಟ. ತಪ್ಪು ತನ್ನ ಅಳತೆಯದೇ ಇರಬಹುದು ಎಂಬ ಯೋಚನೆ ಅವನ ಹತ್ತಿರ ಸುಳಿಯಲಿಲ್ಲ. ಸುಳಿದಿದ್ದರೆ ಇವತ್ತು ಆ ಮನೆಯ ಬೆಳಗುಗಳು ಬೇರೆ ಥರ ಇರುತ್ತಿದ್ದವು.

ವೃಷಭ ಮೂವತ್ತೊಂಬತ್ತರ ರೈತ. ಹೊಳೆದಂಡೆಯಲ್ಲಿ ಆರು ಎಕರೆ ಕಬ್ಬು, ಮನೆಯಲ್ಲಿ ತಾಯಿ ಕಮಲಾಬಾಯಿ, ಹೆಂಡತಿ ಸ್ನೇಹಲ. ಅವನು ಆಳು ಗಿಡ್ಡ. ಅವನಿಗಿಂತ ಹನ್ನೊಂದು ವರ್ಷ ಚಿಕ್ಕವನಾದ ತಮ್ಮ ಸುಜಯ ಮಾತ್ರ ಆರಡಿ. ಇಬ್ಬರೂ ಜೊತೆಯಲ್ಲಿ ಬಸದಿಗೆ ಹೊರಟರೆ ಕಟ್ಟೆಯ ಮೇಲಿನವರು, "ಇವ್ರಾಗ ಅಣ್ಣ ಯಾವ, ತಮ್ಮ ಯಾವ?" ಎಂದು ಕಾಡಿಸದೆ ಬಿಡುತ್ತಿರಲಿಲ್ಲ. ಯಾರು ಏನೇ ಅನ್ನಲಿ, ತಮ್ಮನನ್ನು ಬೆಳೆಸಿದ್ದು ವೃಷಭನೇ. ಅಪ್ಪ ಸತ್ತಾಗ ಸುಜಯನಿಗೆ ಒಂಬತ್ತು. ಅವನಿಗೆ ಎಣ್ಣೆ ಹಚ್ಚಿ ಎರೆದದ್ದು, ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟದ್ದು, ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ನೌಕರಿ ಸಿಕ್ಕ ದಿನ ಊರಿಗೆಲ್ಲ ಪೇಢೆ ಹಂಚಿದ್ದು, ಎಲ್ಲವೂ ಅವನೇ.

ಸುಜಯ ಹತ್ತು ವರ್ಷದವನಿದ್ದಾಗ ಒಬ್ಬ ಮುನಿ ಮಹಾರಾಜರು ಇವರ ಮನೆಯಲ್ಲಿ ಆಹಾರ ಸ್ವೀಕರಿಸಿದ್ದರು. ದಿಗಂಬರ ಮುನಿಗಳ ಊಟ ಗೊತ್ತಲ್ಲ: ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡೇ, ತಾಟಿಲ್ಲ, ಬಟ್ಟಲಿಲ್ಲ. ಎರಡೂ ಕೈ ಕೂಡಿಸಿ ಬೊಗಸೆ ಒಡ್ಡುತ್ತಾರೆ, ಮನೆಯವರು ಅದರಲ್ಲಿ ತುತ್ತು ಇಡುತ್ತಾರೆ, ನೀರು ಹಾಕುತ್ತಾರೆ. ನಡುವೆ ಬೊಗಸೆ ಬಿಟ್ಟುಹೋದರೆ ಅವತ್ತಿನ ಊಟ ಅಲ್ಲಿಗೇ ಮುಗಿಯಿತು. ಸುಜಯ ಕಂಬಕ್ಕೆ ಆತುಕೊಂಡು ಆ ಕೈಗಳನ್ನೇ ನೋಡುತ್ತ ನಿಂತಿದ್ದ. ಆಮೇಲೆ ಅಣ್ಣನನ್ನು ಕೇಳಿದ್ದ:

"ಅಣ್ಣಾ, ಅವ್ರಿಗೆ ತಾಟ ಯಾಕಿಲ್ಲ?"

"ಅವ್ರಿಗೆ ಬೇಕಾಗಿಲ್ಲಪಾ. ಕೈ ಐತೆಲ್ಲ, ಸಾಕು," ಎಂದಿದ್ದ ವೃಷಭ.

ಆ ಉತ್ತರ ಆ ಹುಡುಗನ ಎದೆಯಲ್ಲಿ ಹದಿನೆಂಟು ವರ್ಷ ಉಳಿಯಿತು. ವೃಷಭನೇ ಬಿತ್ತಿದ್ದು, ಬೆಳೆ ಬಂದಾಗ ಬೇಡವೆಂದರೆ ಹೇಗೆ?

ಮೂರು ವರ್ಷದ ಹಿಂದೆ ಆಚಾರ್ಯ ಮಹಾರಾಜರೊಬ್ಬರ ಮುಂದೆ ಸುಜಯ ನೇಮ ಹಿಡಿದ. ಎಂಜಿನ್ನಿನ ಗಾಡಿ ಹತ್ತುವುದಿಲ್ಲ ಎಂದ. ಮೋಟರ್‌ಸೈಕಲ್ಲು ಬಿಟ್ಟ, ಬಸ್ಸು ಬಿಟ್ಟ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರು ಓಡಾಡಿ ಹಾಳಾಗುವ ನಮ್ಮ ರಸ್ತೆಗೆ ತಡೆಯಲೆಂದು ದೊಡ್ಡ ಗಾಲಿಯ ಮೌಂಟೇನ್ ಸೈಕಲ್ಲು ಕೊಂಡ. ಇಪ್ಪತ್ತೊಂಬತ್ತು ಇಂಚಿನ ಗಾಲಿ, ಅವನ ಎತ್ತರಕ್ಕೆ ತಕ್ಕ ಫ್ರೇಮು. ಕಾರ್ಖಾನೆಗೆ ಅದರ ಮೇಲೇ ಹೋಗಿ ಬರುತ್ತಿದ್ದ. ತಿರುವುಗಳಲ್ಲಿ ಸೈಕಲ್ಲನ್ನು ವಾಲಿಸಿ, ಪೆಡಲು ನಿಲ್ಲಿಸದೆ, ಹಾಗೇ ತುಳಿಯುತ್ತ ದಾಟುವುದು ಅವನ ಚಾಳಿ. ಕಾಲುವೆ ತಿರುವಿನಲ್ಲಿ ನೀರು ಹಾಯಿಸುವವರು ಸಲಿಕೆ ಊರಿ ನಿಂತು ನೋಡುತ್ತಿದ್ದರು.

ಹೋದ ವರ್ಷದ ಜನವರಿಯಲ್ಲಿ ಆಚಾರ್ಯರು ದೀಕ್ಷೆಯ ದಿನ ಗೊತ್ತು ಮಾಡಿದರು. ಸ್ಥಳ ಅಂಕಲಿ, ಫೆಬ್ರವರಿ ಇಪ್ಪತ್ತೆರಡು. ಕಮಲಾಬಾಯಿ ಒಂದು ಕಣ್ಣಲ್ಲಿ ಅತ್ತಳು, ಇನ್ನೊಂದರಲ್ಲಿ ಹೆಮ್ಮೆಪಟ್ಟಳು. ಬೀಗರು, ಬಿಜ್ಜರು ಬಂದು ಸುಜಯನ ಕಾಲು ಮುಟ್ಟಿ ಹೋದರು. ವೃಷಭ ಬಂದವರಿಗೆಲ್ಲ ಚಹಾ ಕೊಡಿಸುತ್ತ, ನಗುತ್ತ ಓಡಾಡಿದ. ಒಳಗೊಳಗೇ ಮಾತ್ರ, ಏನಾದರೂ ಆಗಲಿ, ಇವನು ಹೋಗದಿರಲಿ ಎಂದುಕೊಳ್ಳುತ್ತಿದ್ದ. ಏನಾಗಲಿ ಎಂದು ಯೋಚಿಸಿರಲಿಲ್ಲ. ಬಾಯಿ ಬಿಟ್ಟು ಯಾರಿಗೂ ಹೇಳಲೂ ಇಲ್ಲ. ಇಂಥ ಮಾತನ್ನು ಜೈನರ ಮನೆಯಲ್ಲಿ ಯಾರ ಮುಂದೆ ಹೇಳುವುದು?

ಸುಜಯ ತನ್ನದೆಂಬುದನ್ನೆಲ್ಲ ಒಂದೊಂದಾಗಿ ಕೊಡತೊಡಗಿದ. ಪುಸ್ತಕ ಬಸದಿಗೆ, ವಾಚು ಟ್ರ್ಯಾಕ್ಟರು ಹೊಡೆಯುವ ಲಖನನಿಗೆ, ಬಟ್ಟೆ ಬೇಕಾದವರಿಗೆ. ಸೈಕಲ್ಲನ್ನು ಅಣ್ಣನ ಕೈಗೆ ಕೊಟ್ಟ.

"ಇದನ್ನ ನೀ ಹೊಡಿ. ಮಾರಬ್ಯಾಡ."

"ಕಾಲ ಹತ್ತಂಗಿಲ್ಲೋ ನಂದು."

"ನೆಲಕ್ಕ ಹತ್ತೂದ ಬ್ಯಾಡಣ್ಣ, ಪೆಡಲಿಗೆ ಹತ್ತಿದ್ರ ಸಾಕು. ನಿಲ್ಲೂ ಮುಂದ ಸೀಟ ಬಿಟ್ಟ ಮುಂದ ಇಳೀಬೇಕು. ಮೂರ ದಿನ ರೂಢಿ ಮಾಡು, ತಾನ ಬರ್ತೈತಿ."

ವೃಷಭ ಒಂದೇ ದಿನ ಮಾಡಿದ. ಹಾಲಿನ ಡೇರಿಯ ಮುಂದೆ ನಿಲ್ಲಲು ಹೋಗಿ, ಕಾಲು ಸಿಗದೆ, ಕ್ಯಾನು ಹಿಡಿದು ನಿಂತ ಹೆಂಗಸರ ನಡುವೆ ಬಿದ್ದ. ಅವರು ನಕ್ಕರು. ನಗದೆ ಏನು ಮಾಡಿಯಾರು? ಅವನು ಮೈ ಕೊಡವಿಕೊಂಡು ಎದ್ದು, ಸೈಕಲ್ಲು ತಳ್ಳಿಕೊಂಡು ನೇರ ಉಗಾರ ಖುರ್ದದ ಸಂಭಾಜಿಯ ಅಂಗಡಿಗೆ ಹೋದ.

ಸಂಭಾಜಿ ಮೂವತ್ತು ವರ್ಷದಿಂದ ಸೈಕಲ್ಲು ರಿಪೇರಿ ಮಾಡುತ್ತ ಬಂದವನು. ಸೀಟು ಆಗಲೇ ಫ್ರೇಮಿಗೆ ತಾಕುವಷ್ಟು ಇಳಿದಿದ್ದನ್ನು ನೋಡಿ ತಲೆ ಕೆರೆದುಕೊಂಡ.

"ಹೆ ಬಘಾ, ನೋಡ್ರಿ ವೃಷಭಣ್ಣಾ, ಇದು ನಿಮ್ಮ ಅಳತಿದಲ್ಲ. ಇದನ್ನ ಕೊಟ್ಟ ಸಣ್ಣದ ತಗೋರಿ."

"ತಮ್ಮ ಕೊಟ್ಟದ್ದೋ ಮಾರಾಯಾ. ಅಂವಾ ಹೋಗಾಂವ. ಇದ ಬೇಕ ನಂಗ. ಗಾಲಿ ಸಣ್ಣವ ಹಾಕಾಕ ಬರ್ತೈತಿಲ್ಲೋ ಹೇಳು."

"ಬರ್ತೈತ್ರಿ. ಡಿಸ್ಕ್ ಬ್ರೇಕ್ ಐತಿ, ಇಪ್ಪತ್ತಾರರ ಗಾಲಿ ಹಾಕಿದ್ರೂ ಹಿಡೀತೈತಿ. ಆದ್ರ ಫ್ರೇಮ ದೊಡ್ಡ ಗಾಲಿದು. ಸಣ್ಣ ಗಾಲಿ ಹಾಕಿದ್ರ ಇಡೀ ಸೈಕಲ್ ಒಂದೂವರಿ ಇಂಚ ಕೆಳಗ ಕೂಡ್ತೈತಿ. ನೀವೂ ಇಳೀತೀರಿ, ಖರೆ. ಆದ್ರ ಪೆಡಲೂ ಇಳೀತೈತಿ. ತಿರುವಿನ್ಯಾಗ ವಾಲಿಸಿ ಪೆಡಲ್ ಹೊಡದ್ರ ನೆಲಕ್ಕ ಬಡೀತೈತಿ."

"ಬಡದ್ರ?"

"ಬಡದ್ರ ಎತ್ತಿ ಒಗೀತೈತಿ. ತಿರುವ ಬಂದಲ್ಲಿ ಕಾಲ ನಿಲ್ಲಸ್ರಿ, ಮತ್ತೇನಿಲ್ಲ. ಬ್ಯಾರೆ ಯಾರರ ಹತ್ತಿದ್ರ ಅವ್ರಿಗೂ ಹೇಳ್ರಿ."

ಹಳೆಯ ಸೈಕಲ್ಲೊಂದರಿಂದ ಎರಡು ಗಾಲಿ ತೆಗೆದು, ಗೇರಿನ ಚಕ್ರ ಬದಲಿಸಿ, ಚೈನು ಕೂರಿಸಿ ಸಂಭಾಜಿ ಕೆಲಸ ಮುಗಿಸಿದ. ದೊಡ್ಡ ಗಾಲಿಗಳನ್ನು, "ಇರ್ಲಿ, ನಿಮ್ಮ ಹೆಸರ್ಲೆ," ಎಂದು ಗೋಡೆಯ ಮೊಳೆಗೆ ತೂಗುಹಾಕಿದ. ವೃಷಭ ಕೂತ. ಎರಡೂ ಕಾಲು ನೆಲಕ್ಕೆ ಹತ್ತಿದವು. ದೊಡ್ಡ ಮೈಗೆ ಗಿಡ್ಡ ಕಾಲು ಹಚ್ಚಿದ ಹಾಗೆ ಸೈಕಲ್ಲು ವಿಚಿತ್ರವಾಗಿ ಕಾಣುತ್ತಿತ್ತು, ಆದರೆ ಅವನಿಗೆ ಖುಷಿಯೋ ಖುಷಿ.

ಹನ್ನೆರಡು ದಿನ ಹೊಲಕ್ಕೆ ಅದರ ಮೇಲೇ ಹೋಗಿ ಬಂದ. ಒಮ್ಮೆ ಕಾಲುವೆ ತಿರುವಿನಲ್ಲಿ ಮರೆತು ಪೆಡಲು ತುಳಿದ. ಕೆಳಗೆ 'ಕರ್ರ್' ಎಂದಿತು, ಸೈಕಲ್ಲು ಒಂದು ಗೇಣು ಪಕ್ಕಕ್ಕೆ ಹಾರಿತು. ನಿಧಾನಕ್ಕೆ ಹೋಗುತ್ತಿದ್ದನಾದ್ದರಿಂದ ಕಾಲು ಊರಿ ಬಚಾವಾದ. ಅವತ್ತಿನಿಂದ ತಿರುವು ಬಂದರೆ ಅವನ ಕಾಲು ತಾನಾಗಿ ನಿಲ್ಲುತ್ತಿತ್ತು. ಅಂದರೆ, ಸಂಭಾಜಿಯ ಮಾತು ಅವನ ತಲೆಗಷ್ಟೇ ಅಲ್ಲ, ಮೈಗೂ ಹತ್ತಿತ್ತು. ಮರೆತಿದ್ದೆ ಎಂದು ಹೇಳಿಕೊಳ್ಳುವ ದಾರಿ ಅವನಿಗೆ ಉಳಿಯಲಿಲ್ಲ.

ದೀಕ್ಷೆಗೆ ನಾಲ್ಕು ದಿನ ಇತ್ತು. ದೀಕ್ಷೆ ತಗೊಳ್ಳುವವರನ್ನು ಬಂಧುಗಳು ಮನೆಮನೆಗೆ ಕರೆದು ಉಣಿಸಿ, ಉಡಿ ತುಂಬಿ ಕಳಿಸುವುದು ರೂಢಿ. ಅವತ್ತು ಐನಾಪುರದಲ್ಲಿರುವ ಸೋದರತ್ತೆ ತಾರಾಬಾಯಿಯ ಸರದಿ. ಕಮಲಾಬಾಯಿ, ಸ್ನೇಹಲ ಮುಂಚೆಯೇ ಕಾರಿನಲ್ಲಿ ಹೋಗಿದ್ದರು. ಸುಜಯ ನಡೆದೇ ಹೋಗುವವನು, ಆದರೆ ಹೊರಡಬೇಕೆನ್ನುವಷ್ಟರಲ್ಲಿ ಕುಡಚಿಯಿಂದ ನೋಡಲು ಬಂದವರು ಕೂತುಬಿಟ್ಟರು. ಅವರು ಎದ್ದಾಗ ಐದು ಹೊಡೆದಿತ್ತು. ನಡೆದರೆ ಹೊತ್ತು ಮುಳುಗುತ್ತದೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ತಾರಾಬಾಯಿ ಬೆಳಗಿನಿಂದ ಒಲೆಯ ಮುಂದಿದ್ದಾಳೆ.

ಸುಜಯ ಕೊಟ್ಟಿಗೆಗೆ ಬಂದ. ವೃಷಭ ಎಮ್ಮೆಗೆ ಮೇವು ಹಾಕುತ್ತಿದ್ದ.

"ಅಣ್ಣಾ, ನಿನ್ನ ಸೈಕಲ್ಲ ಇವತ್ತೊಂದ ದಿನ ಕೊಡ್ತಿ?"

ತಾನೇ ಕೊಟ್ಟದ್ದನ್ನು ತಾನೇ ಬೇಡುತ್ತಿದ್ದ. ವೃಷಭ ಮೇವು ಹಿಡಿದುಕೊಂಡೇ ತಲೆಯಾಡಿಸಿದ. ಸುಜಯ ಸೈಕಲ್ಲನ್ನು ಬೆಳಕಿಗೆ ಎಳೆದ, ಗಾಲಿ ನೋಡಿದ, ನೋಡಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಇದನ್ನೂ ಗಿಡ್ಡ ಮಾಡಿದೆಲ್ಲೋ ಅಣ್ಣಾ! ಮನ್ಯಾಗ ಒಬ್ಬಾಂವ ಗಿಡ್ಡ ಇದ್ದದ್ದ ಸಾಲಲಿಲ್ಲೇನು?"

ಊರವರು ಇಪ್ಪತ್ತು ವರ್ಷ ಅಂದದ್ದನ್ನು ತಮ್ಮ ಅಂದದ್ದು ಅದೇ ಮೊದಲು. ಆದರೆ ವೃಷಭನಿಗೆ ಚುಚ್ಚಿದ್ದು ಗಿಡ್ಡ ಎಂಬ ಮಾತಲ್ಲ, ಆ ನಗು. ನಾಲ್ಕು ದಿನದಲ್ಲಿ ಈ ಮನೆ ಬಿಟ್ಟು ಹೋಗುವವನು, ಎರೆದು ಬೆಳೆಸಿದ ಅಣ್ಣನನ್ನು ಬಿಟ್ಟು ಹೋಗುವವನು, ಇಷ್ಟು ಹಗುರಾಗಿ ನಗುತ್ತಾನಲ್ಲ! ಹೋಗುವುದು ಅಷ್ಟು ಸುಲಭವೇ ಇವನಿಗೆ? ವೃಷಭನ ಮೋರೆ ಬಿಗಿಯಿತು.

"ತಿರುವಿನ್ಯಾಗ ಪೆಡಲ್ ಹೊಡೀಬ್ಯಾಡ." ಇಷ್ಟೇ, ಮೂರು ಮಾತು. ನಾಲಿಗೆಯ ತುದಿಗೆ ಬಂದಿತ್ತು.

"ಹೋಗ್ ಹೋಗ್, ಹೊತ್ತ ಮುಳಗತೈತಿ," ಎಂದ ವೃಷಭ. ಎಂದು, ಎಮ್ಮೆಯ ಕಡೆ ತಿರುಗಿದ.

ಸುಜಯನಿಗೆ ಸೀಟು ತೀರ ತಗ್ಗು. ನಿಂತುಕೊಂಡೇ ತುಳಿಯುತ್ತ ಊರ ಅಗಸೆ ಬಾಗಿಲು ದಾಟಿ ಹೋದ. ವೃಷಭ ಕೈಯಲ್ಲಿ ಮೇವು ಹಿಡಿದುಕೊಂಡು ಒಂದು ಕ್ಷಣ ನಿಂತ. ಕೂಗಿದ್ದರೆ ಆಗಲೂ ಕೇಳಿಸುತ್ತಿತ್ತು.

ಕಾಲು ತಾಸೂ ಆಗಿರಲಿಲ್ಲ, ಲಖನನ ಫೋನು ಬಂತು. "ವೃಷಭಣ್ಣಾ, ಲಗೂನ ಬರ್ರಿ. ಸುಜಯಣ್ಣ ಕೆನಾಲ ತಿರುವಿನ್ಯಾಗ ಬಿದ್ದಾನ್ರಿ. ಕೈ ಮುರದೈತಿ."

ವೃಷಭ ಮೋಟರ್‌ಸೈಕಲ್ಲು ಹೊಡೆದುಕೊಂಡು ಹೋದಾಗ ಸುಜಯ ರಸ್ತೆಯ ಪಕ್ಕದ ಕಬ್ಬಿನ ಒಣಗರಿ ರವದಿಯ ಮೇಲೆ ಮಲಗಿದ್ದ. ಬಲಗೈ ಮೊಳಕೈಗೂ ಮುಂಗೈಗೂ ನಡುವೆ ಬಾಗಬಾರದ ಕಡೆ ಬಾಗಿತ್ತು. ಲಖನ ತನ್ನ ಟ್ರ್ಯಾಕ್ಟರನ್ನು ರಸ್ತೆಗೆ ಅಡ್ಡ ನಿಲ್ಲಿಸಿ, ಟವೆಲ್ಲು ಮಡಚಿ ಅವನ ತಲೆಯಡಿ ಇಟ್ಟಿದ್ದ.

"ಸೈಕಲ್ಲ ಹಾರಿತಣ್ಣ," ಎಂದ ಸುಜಯ. "ಯಾಕಂತ ಗೊತ್ತಾಗಲಿಲ್ಲ."

ವೃಷಭನಿಗೆ ಗೊತ್ತಾಯಿತು. ತಿರುವಿನ ಡಾಂಬರಿನ ಮೇಲೆ ಒಂದು ಮೊಳ ಉದ್ದದ ಬಿಳಿ ಗೀಟು ಇತ್ತು, ಅತ್ತ ಬಿದ್ದ ಸೈಕಲ್ಲಿನ ಬಲ ಪೆಡಲಿನ ತುದಿ ಉಜ್ಜಿ ಹೊಳೆಯುತ್ತಿತ್ತು. ಅವನು ಏನು ಮಾಡಿದ ಗೊತ್ತೇ? ತಮ್ಮ ನೋವಿನಲ್ಲಿ ಬಿದ್ದಿರುವಾಗ, ಆ ಗೀಟಿನ ಮೇಲೆ ಚಪ್ಪಲಿ ಇಟ್ಟು ಉಜ್ಜಿದ. ಕಾಲಿನಿಂದ ಮಣ್ಣು ಎಳೆದು ಮುಚ್ಚಿದ. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಎಷ್ಟು ಸಲ ತನ್ನನ್ನು ತಾನು ಕೇಳಿಕೊಂಡನೋ! ಕಾಲು ಮಾಡಿತು ಎನ್ನಬೇಕಷ್ಟೆ.

ಲಖನ ಹಿಂದೆ ಬಂದ ಜೀಪೊಂದನ್ನು ತಡೆದ. ಸುಜಯ, "ಗಾಡಿ ಬ್ಯಾಡ. ಎಬ್ಬಸ್ರಿ ನನ್ನ, ನಡದ ಬರ್ತೇನಿ," ಎಂದ.

"ಎಲ್ಲಿಗೆ ನಡೀತಿ? ಮಿರಜಿನ ದವಾಖಾನಿಗೆ?"

"ನೇಮ ಐತಣ್ಣ."

"ಬಾಯಿ ಮುಚ್ಚ ಲೇ!" ಎಂದು ವೃಷಭ ಗದರಿಸಿದ. ಆರಡಿಯ ತಮ್ಮನನ್ನು ಆ ಗಿಡ್ಡ ಮನುಷ್ಯ ಒಬ್ಬನೇ ಎತ್ತಿ ಜೀಪಿನಲ್ಲಿ ಮಲಗಿಸಿದ. ಎರಡು ವರ್ಷ ಕಾಯ್ದುಕೊಂಡ ನೇಮ ಅಲ್ಲಿಗೆ ಮುರಿಯಿತು. ತಾರಾಬಾಯಿ ಡಬ್ಬಿ ಕಟ್ಟಿಕೊಂಡು ಆಸ್ಪತ್ರೆಗೆ ಓಡಿ ಬಂದಾಗ ಹೊತ್ತು ಮುಳುಗಿತ್ತು. ಅವಳು ಬೆಳಗಿನಿಂದ ಮಾಡಿದ ಹೋಳಿಗೆಯನ್ನು ಯಾರೂ ಮುಟ್ಟಲಿಲ್ಲ.

ಎರಡೂ ಎಲುಬು ಮುರಿದಿದ್ದವು, ಮೊಳಕೈಯ ಕೀಲೂ ಒಡೆದಿತ್ತು. ಆಪರೇಶನ್ ಮಾಡಿ ಸ್ಟೀಲಿನ ಪಟ್ಟಿ ಕೂರಿಸಿದರು. ಮೂರನೆಯ ದಿನ ಡಾಕ್ಟರು ಬಂದು ಸಮಾಧಾನ ಹೇಳಿದರು.

"ಕೈ ಕೆಲಸಕ್ಕ ಬರ್ತೈತಿ, ಚಿಂತಿ ಮಾಡಬ್ಯಾಡ್ರಿ. ಬರೀಬಹುದು, ಉಣಬಹುದು, ವಜ್ಜಾ ಎತ್ತಬಹುದು. ಅಂಗೈ ಆಕಾಶದ ಕಡೆ ಹೊರಳೂದ ಮಾತ್ರ ಪೂರಾ ಆಗಲಿಕ್ಕಿಲ್ಲ. ವ್ಯಾಯಾಮ ಮಾಡಿದ್ರ ಒಂದ ವರ್ಷದಾಗ ಎಷ್ಟ ಬರ್ತೈತೋ ಅಷ್ಟ."

"ಅಷ್ಟ ಹೌದಲ್ರಿ? ನಮ್ಮ ಪುಣ್ಯ ದೊಡ್ಡದು," ಎಂದಳು ಕಮಲಾಬಾಯಿ. ಡಾಕ್ಟರು ಹೋದ ಮೇಲೆ ತನ್ನ ಎರಡೂ ಕೈ ಕೂಡಿಸಿ ಬೊಗಸೆ ಮಾಡಿ ನೋಡಿಕೊಂಡಳು. ನೋಡಿಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುಜಯ ಗೋಡೆಯ ಕಡೆ ಹೊರಳಿ ಮಲಗಿದ. ಅವನಿಗೆ ಡಾಕ್ಟರ ಮಾತು ಮುಗಿಯುವ ಮೊದಲೇ ಅರ್ಥವಾಗಿತ್ತು. ಬೊಗಸೆ ಆಗದ ಕೈಗೆ ಮುನಿ ದೀಕ್ಷೆ ಎಲ್ಲಿಂದ ಬರಬೇಕು?

ಸುಳ್ಳು ಯಾಕೆ ಹೇಳಬೇಕು, ಆ ಹೊತ್ತಿನಲ್ಲಿ ವೃಷಭನ ಎದೆಯಲ್ಲಿ ಒಂದು ಕ್ಷಣ, ಒಂದೇ ಒಂದು ಕ್ಷಣ, 'ಉಳಿದ' ಎಂಬ ಸಂತೋಷ ಎದ್ದಿತು. ಉಳಿದ, ಇನ್ನು ಎಲ್ಲಿಗೂ ಹೋಗುವುದಿಲ್ಲ. ಆಮೇಲೆ ಗೋಡೆಗೆ ಮುಖ ಮಾಡಿದ ತಮ್ಮನ ಬೆನ್ನು ನೋಡಿದ. ಆ ಬೆನ್ನು ಅಲುಗುತ್ತಿತ್ತು. ಅಪ್ಪ ಸತ್ತಾಗಲೂ ಅಳದ ಹುಡುಗ. ವೃಷಭ ವರಾಂಡಕ್ಕೆ ಹೋಗಿ, ತಣ್ಣನೆಯ ಗೋಡೆಗೆ ಹಣೆ ಒತ್ತಿಕೊಂಡು ನಿಂತ. ಆ ಒಂದು ಕ್ಷಣದ ಸಂತೋಷವನ್ನು ಅವನು ಇವತ್ತಿಗೂ ತನಗೆ ತಾನು ಕ್ಷಮಿಸಿಲ್ಲ.

ಫೆಬ್ರವರಿ ಇಪ್ಪತ್ತೆರಡು ಬಂದು ಹೋಯಿತು. ಅಂಕಲಿಯಲ್ಲಿ ಬೇರೆ ಇಬ್ಬರ ದೀಕ್ಷೆಯಾಯಿತು. ಸುಜಯ ಮನೆಯಲ್ಲೇ ಇದ್ದ. ಬಂದುಹೋಗುವ ಬೀಗರು ವೃಷಭನನ್ನು ಮೂಲೆಗೆ ಕರೆದು, "ಏನೋ ಒಂದ ಆತು ಬಿಡು, ಹುಡುಗ ಮನ್ಯಾಗ ಉಳದಾನಲ್ಲ," ಎಂದು ಪಿಸುಗುಟ್ಟುತ್ತಿದ್ದರು. ಸಂಜೆ ಹೊತ್ತು ಮುಳುಗುವ ಮೊದಲು ಅಣ್ಣತಮ್ಮ ಎದುರುಬದುರು ಊಟಕ್ಕೆ ಕೂರುತ್ತಿದ್ದರು. ಸುಜಯ ತಾಟಿನಲ್ಲಿ ಎಡಗೈಯಿಂದ ಚಮಚ ಹಿಡಿದು ಉಣ್ಣುತ್ತಿದ್ದ. ವೃಷಭ ಬೇಡಿಕೊಂಡದ್ದೆಲ್ಲ ಇದೇ ಅಲ್ಲವೇ: ತಮ್ಮ ಮನೆಯಲ್ಲಿ, ತನ್ನ ಎದುರಿಗೆ, ತಾಟಿನ ಮುಂದೆ. ಈಗ ಅವನಿಗೆ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. "ಯಾಕ್ರೀ, ಪಲ್ಲೆ ಖಾರ ಆಗೇತೇನು?" ಎಂದು ಸ್ನೇಹಲ ಕೇಳಿದರೆ ಹೌದೆನ್ನುತ್ತಿದ್ದ.

ಒಂದು ದಿನ ಸೈಕಲ್ಲು ತಳ್ಳಿಕೊಂಡು ಸಂಭಾಜಿಯ ಅಂಗಡಿಗೆ ಹೋದ. ದೊಡ್ಡ ಗಾಲಿಗಳು ಮೊಳೆಯಲ್ಲಿ ಹಾಗೇ ತೂಗುತ್ತಿದ್ದವು.

"ಅವನ್ನ ತಿರುಗಿ ಹಾಕಿಬಿಡಪಾ."

ಸಂಭಾಜಿ ಪಾನಾ ಎತ್ತಿಕೊಂಡ. ಹಿಂದಿನ ಗಾಲಿ ಬಿಚ್ಚುತ್ತ, ತಲೆಯೆತ್ತದೆ ಕೇಳಿದ: "ಪೆಡಲಿಂದು ಹೇಳಿದ್ರೇನ್ರಿ ಅವ್ರಿಗೆ?"

"ಹೇಳಿದ್ದೆ," ಎಂದ ವೃಷಭ.

ಆ ಸುಳ್ಳು ಹೇಳಿ ಮನೆಗೆ ಹೊರಟವನು ಹೊಲದ ದಾರಿಯಲ್ಲಿ ಒಂದು ಕಲ್ಲಿನ ಪಕ್ಕ ಸೈಕಲ್ಲು ನಿಲ್ಲಿಸಿ, ಕಲ್ಲು ಹತ್ತಿ ಸೀಟಿನ ಮೇಲೆ ಕೂತ. ಬಿದ್ದ, ಎದ್ದ. ನಿಲ್ಲುವಾಗ ಸೀಟು ಬಿಟ್ಟು ಮುಂದಕ್ಕೆ ಇಳಿಯುವುದನ್ನು ರೂಢಿ ಮಾಡಿದ. ತಮ್ಮ ಹೇಳಿದ ಲೆಕ್ಕ ಸರಿಯಾಗಿತ್ತು. ಮೂರನೆಯ ದಿನ ಸಂಜೆ, ನೆಲಕ್ಕೆ ಕಾಲು ಹತ್ತದ ಆ ಎತ್ತರದ ಸೈಕಲ್ಲಿನ ಮೇಲೆ ಊರ ತನಕ ಬಂದು, ಡೇರಿಯ ಮುಂದೆ ಸಲೀಸಾಗಿ ಇಳಿದ. ಇಷ್ಟೇನಾ? ಬರೀ ಮೂರು ದಿನದ ಕೆಲಸವಾ? ಕೊಟ್ಟಿಗೆಗೆ ಹೋಗಿ, ಎಮ್ಮೆಯ ಕೊರಳಿಗೆ ಬಿದ್ದು ಅತ್ತ. ಮತ್ತೆ ಅದನ್ನು ಹತ್ತಲಿಲ್ಲ.

ಮೇ ತಿಂಗಳಲ್ಲಿ ಸುಜಯ, "ಆಚಾರ್ಯರ ದರ್ಶನಕ್ಕ ಹೋಗಿ ಬರ್ತೇನಿ," ಎಂದ. ಮತ್ತೆ ನೇಮ ಹಿಡಿದಿದ್ದ, ಆದ್ದರಿಂದ ನಡಿಗೆಯೇ. ವೃಷಭ ತಾನೂ ಹೊರಟ. ಹೊಲ ಬಿಟ್ಟರೆ ಬೇರೆಲ್ಲೂ ನಡೆದವನಲ್ಲ. ಹೊಳೆ ದಾಟಿ ಅಂಕಲಿ ಮುಟ್ಟುವಷ್ಟರಲ್ಲಿ ಅಂಗಾಲಲ್ಲಿ ಬೊಬ್ಬೆ ಎದ್ದಿದ್ದವು.

ಮರುದಿನ ಆಚಾರ್ಯರು ಸುಜಯನನ್ನು ಹತ್ತಿರ ಕರೆದು, "ಕೈ ಒಡ್ಡು ನೋಡೋಣ," ಎಂದರು. ವೃಷಭನ ಕಡೆ ತಿರುಗಿ, "ಹಾಕಪಾ ನೀರು," ಎಂದರು.

ಸುಜಯ ನಿಂತ. ಎಡಗೈ ಚೆನ್ನಾಗಿ ಹರಡಿಕೊಂಡಿತು. ಬಲಗೈ ಪುಸ್ತಕದ ಹಾಳೆ ಅರ್ಧ ಮಗುಚಿದಂತೆ ಅಲ್ಲೇ ನಿಂತಿತು. ಅವನ ಹಣೆಯ ನರ ಉಬ್ಬಿತು, ಭುಜ ಎತ್ತಿ, ಸೊಂಟ ವಾಲಿಸಿ ನೋಡಿದ. ವೃಷಭ ಚಂಬು ಬಗ್ಗಿಸಿದ. ನೀರು ಬಲಗೈಯ ಅಂಚಿನಿಂದ ಜಾರಿ, ಮೊಳಕೈಗುಂಟ ಇಳಿದು, ಸುಜಯನ ಬರಿಗಾಲ ಮೇಲೆ ಬಿತ್ತು. ಇನ್ನೊಮ್ಮೆ ಹಾಕಿದ. ಇನ್ನೊಮ್ಮೆ ಬಿತ್ತು.

ಆಚಾರ್ಯರು ಬಹಳ ಹೊತ್ತು ಆ ಕೈಯನ್ನೇ ನೋಡಿದರು. "ಕ್ಷುಲ್ಲಕ ದೀಕ್ಷಾ ತಗೊ ಮಗಾ. ಅದರಾಗ ಬಟ್ಟಲದಾಗ ಆಹಾರ ನಡೀತೈತಿ. ಅದೂ ಇದ ದಾರಿ, ಒಂದ ಮೆಟ್ಟಲ ಕೆಳಗ ಅಷ್ಟ."

ಸುಜಯ ತಲೆ ತಗ್ಗಿಸಿ ನಿಂತ. ಒಪ್ಪಿಗೆ ಇಲ್ಲ ಎಂಬುದು ಅವರಿಗೆ ತಿಳಿಯಿತು. "ಹಂಗಾರ ಕೈ ಯಾವತ್ತ ನೀರ ಹಿಡೀತೈತಿ, ಅವತ್ತ ಬಾ," ಎಂದರು. ಸುಜಯ ಕೈ ಮುಗಿದ. ಮುಗಿಯಲು ಆ ಕೈ ಚೆನ್ನಾಗಿಯೇ ಬರುತ್ತಿತ್ತು. ಒಡ್ಡಲು ಮಾತ್ರ ಬರುತ್ತಿರಲಿಲ್ಲ.

ತಿರುಗಿ ಬರುವಾಗ ಹೊಳೆಯ ಸೇತುವೆಯ ಮೇಲೆ ಸುಜಯ ತಾನಾಗಿಯೇ ಬಾಯಿ ಬಿಟ್ಟ. "ಬಟ್ಟಲ ಹಿಡದ ಹೋಗೂದಾದ್ರ, ನಮ್ಮವ್ವನ ಬಟ್ಟಲ ಏನ ಪಾಪ ಮಾಡಿತ್ತಣ್ಣ?" ಎಂದು ನಗಲು ನೋಡಿದ. ನಗು ಬರಲಿಲ್ಲ.

ವೃಷಭ ಸೇತುವೆಯ ಕಟ್ಟೆಗೆ ಕುಸಿದು ಕೂತ. "ಸುಜಯಾ, ನಂಗ ಗೊತ್ತಿತ್ತೋ. ಪೆಡಲ್ ಬಡೀತೈತಿ ಅಂತ ಸಂಭಾಜಿ ಹೇಳಿದ್ದ. ನಂಗ ಒಮ್ಮೆ ಬಡದೂ ಇತ್ತು. ಅವತ್ತ ಬಾಯಿಗೆ ಬಂದಿತ್ತು, ನಾ ಹೇಳಲಿಲ್ಲ. ನೀ ನಕ್ಕೆಲ್ಲ, ಸಿಟ್ಟ ಬಂತು. ನೀ ಹೋಗೂದೂ ನಂಗ ಬ್ಯಾಡಾಗಿತ್ತು. ಯಾವದಕ್ಕ ಹೇಳಲಿಲ್ಲೋ ನಂಗ ಗೊತ್ತಿಲ್ಲ."

"ಗೊತ್ತೈತಿ," ಎಂದ ಸುಜಯ.

"ಯಾರ ಹೇಳಿದ್ರು? ಸಂಭಾಜಿ?"

"ಯಾರೂ ಹೇಳಲಿಲ್ಲ. ನೀ ರಸ್ತೆ ಮ್ಯಾಲಿನ ಗೀಟ ಚಪ್ಪಲಿಲೆ ಒರಸ್ತಿದ್ದಿ. ನಾ ಮಲಕೊಂಡಲ್ಲಿಂದ ನೋಡಾಕತ್ತಿದ್ದೆ."

ಮೂರು ತಿಂಗಳು! ಮೂರು ತಿಂಗಳು ಎದುರಿಗೆ ಕೂತು ಉಂಡಿದ್ದಾನೆ, ಒಂದು ಮಾತು ಕೇಳಿಲ್ಲ. ವೃಷಭನಿಗೆ ಮುಖ ಎತ್ತಲಾಗಲಿಲ್ಲ. "ಸಿಟ್ಟ ಬರಲಿಲ್ಲೇನು?"

"ಬಂದೈತಿ. ಇನ್ನೂ ಹೋಗಿಲ್ಲ." ಸುಜಯ ಕೆಳಗೆ ನೀರನ್ನೇ ನೋಡುತ್ತಿದ್ದ. "ಆಚಾರ್ಯರು ಕೈ ಅಷ್ಟ ನೋಡಿದ್ರು. ಈ ಸಿಟ್ಟ ಒಳಗ ಇಟ್ಕೊಂಡ ದೀಕ್ಷಾ ಹೆಂಗ ತಗೊಳ್ಳಿ ಅಣ್ಣಾ? ಎರಡೂ ಸುದಾರಸಬೇಕು. ಏಳು, ಬಿಸಲ ಏರತೈತಿ."

ವೃಷಭ ಎದ್ದ. ಬೊಬ್ಬೆಗಳು ಒಡೆದಿದ್ದವು. ಮನೆಯ ತನಕ ತಮ್ಮನ ಹಿಂದೆ ಕುಂಟುತ್ತ ನಡೆದ.

ಈಗ ದಿನಾ ಬೆಳಿಗ್ಗೆ, ಹಾಲು ಕರೆದಾದ ಮೇಲೆ, ಆ ಮನೆಯ ಹಿತ್ತಲಿನಲ್ಲಿ ಒಂದು ಕೆಲಸ ನಡೆಯುತ್ತದೆ. ಸುಜಯ ನಿಂತು ಎರಡೂ ಕೈ ಒಡ್ಡುತ್ತಾನೆ. ವೃಷಭ ಚಂಬಿನಿಂದ ನೀರು ಹಾಕಿ, ಬಾಯಲ್ಲೇ ಎಣಿಸುತ್ತಾನೆ. ಮಳೆಗಾಲದಲ್ಲಿ ಮೂರರ ತನಕ ನಿಲ್ಲುತ್ತಿತ್ತು, ದೀಪಾವಳಿಗೆ ಐದಕ್ಕೆ ಬಂತು. ಇವನು ಹೋಗದಿರಲಿ ಎಂದು ಬೇಡಿಕೊಂಡಿದ್ದವನೇ ಈಗ ಒಂದೊಂದು ಅಂಕಿಗೂ ಉಸಿರು ಬಿಗಿಹಿಡಿದು ನಿಲ್ಲುತ್ತಾನೆ. ಡಾಕ್ಟರು ಹೇಳಿದ ವರ್ಷಕ್ಕೆ ಇನ್ನು ಒಂದೇ ತಿಂಗಳು. ನಿನ್ನೆ ಏಳರವರೆಗೆ ನಿಂತಿತ್ತು. ಅವತ್ತೆಲ್ಲ ವೃಷಭ ಹೊಲದಲ್ಲಿ ಒಬ್ಬನೇ ಏಳು, ಏಳು ಎಂದುಕೊಳ್ಳುತ್ತ ತಿರುಗಿದ್ದ.

ಇವತ್ತು ಆರಕ್ಕೇ ಕೈ ಖಾಲಿಯಾಯಿತು.

"ಇನ್ನೊಮ್ಮೆ ಹಾಕಣ್ಣ," ಎಂದ ಸುಜಯ.

ವೃಷಭ ಹಾಕಿದ. ಒಂದು, ಎರಡು, ಮೂರು.